ನಿಮಗಿದು ಗೊತ್ತೇ? ರೋಗ ಬರಿಸಿಯೇ ತಳಿ ಆರಿಸುತ್ತಾರೆ!

● ಹೊಸ ಬೆಂಡೆ ತಳಿ ಹಳದಿ ನಂಜು ರೋಗವನ್ನು ತಾಳುತ್ತದೆಯೇ ಎಂದು ನೋಡಬೇಕಾದರೆ ರೋಗವಿಲ್ಲದ ಹೊಲ ಪ್ರಯೋಜನಕ್ಕೆ ಬಾರದು. ಬೇಗ ರೋಗ ಹತ್ತುವ ತಳಿಯನ್ನು ಬೇಕೆಂದೇ ಸಾಲುಗಳ ನಡುನಡುವೆ ಹಾಕುತ್ತಾರೆ. ಬಿಳಿ ನೊಣಗಳು ಅಲ್ಲಿಂದ ನಂಜನ್ನು ಹೊತ್ತು ಎಲ್ಲ ಗಿಡಗಳಿಗೂ ಹಂಚುತ್ತವೆ. ನೊಣಕ್ಕೆ ಔಷಧಿ ಹೊಡೆಯುವಂತಿಲ್ಲ. ರೋಗವೇ ಸುಳಿಯದ ಕಡೆ ಹಸಿರಾಗಿ ನಿಂತ ಗಿಡದ್ದು ಬರೀ ಅದೃಷ್ಟ!

● ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ ಬೆಂಡೆಗೆ ಈ ತಾಳಿಕೆ ಬಂದದ್ದು ಕಾಡುಬೆಂಡೆಯ ಸಂಕರದಿಂದ. ಆದರೆ ತಾಳಿಕೆ ಶಾಶ್ವತವಲ್ಲ. ಒಂದು ಕಾಲಕ್ಕೆ ಹೆಸರು ಮಾಡಿದ್ದ ದೆಹಲಿಯ ‘ಪೂಸಾ ಸಾವನಿ’ ಬರಬರುತ್ತಾ ಇದೇ ರೋಗಕ್ಕೆ ಸೋತಿತು.

● ಅದೇ ಹೆಸರಘಟ್ಟದ ‘ಅರ್ಕಾ ರಕ್ಷಕ್’ ಟೊಮೆಟೊ ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯಲೆಂದು ರೂಪಿಸಿದ ಹೈಬ್ರಿಡ್.

● ಗಿಡ ಸೊರಗಿದ್ದು ದುಂಡಾಣುವಿನಿಂದಲೇ? ಕಾಂಡ ಕತ್ತರಿಸಿ, ತುದಿಯನ್ನು ಗಾಜಿನ ಲೋಟದ ತಿಳಿನೀರಿಗೆ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ಹೌದು.

● ಬೇರುಗಂಟು ಜಂತುಹುಳುವನ್ನು ತಡೆಯುವ ಟೊಮೆಟೊದ ‘ಎಂಐ’ ಜೀನ್, ಮಣ್ಣಿನ ಬಿಸಿ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೈಕೊಡುತ್ತದೆ. ಚಳಿಗಾಲದಲ್ಲಿ ಮಾತ್ರ ಪರೀಕ್ಷೆ ಮಾಡಿ ಬಯಲುಸೀಮೆಯ ಬೇಸಿಗೆಗೆ ಶಿಫಾರಸು ಮಾಡಿದರೆ ಗತಿ ಏನು?

● ಇಳುವರಿ ಲೆಕ್ಕ ಹಾಕುವಾಗ ತಾಕಿನ ಅಂಚಿನ ಸಾಲುಗಳನ್ನು ಬಿಡುತ್ತಾರೆ. ಅವಕ್ಕೆ ಬೆಳಕೂ ಗಾಳಿಯೂ ಹೆಚ್ಚು. ಯಾವ ತಳಿ ಯಾವ ತಾಕಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಪ್ರತಿಯೊಂದನ್ನೂ ಹೊಲದ ಹಲವು ಕಡೆ ಹಾಕುತ್ತಾರೆ. ಗೊಬ್ಬರದ ಗುಂಡಿ ಪಕ್ಕದ ತಳಿಯೇ ಗೆದ್ದುಬಿಡಬಾರದಲ್ಲ! ಪಕ್ಕದಲ್ಲೇ ರೈತರು ಈಗಾಗಲೇ ಬೆಳೆಯುತ್ತಿರುವ ತಳಿಯೂ ಇರಬೇಕು. ಹೋಲಿಕೆಯಿಲ್ಲದೆ ‘ಎಕರೆಗೆ ಇಷ್ಟು ಟನ್’ ಎಂದು ಬೀಜದ ಪೊಟ್ಟಣ ಹೇಳಿದರೆ ನಾನಂತೂ ನಂಬುವುದಿಲ್ಲ.

● ಅಂದ ನೋಡಿ ಆರಿಸಿದರೆ ರುಚಿ ಹೋದೀತು. ತೊಟ್ಟಿನ ಬಳಿಯ ಕಡುಹಸಿರು ಪಟ್ಟಿ ಇಲ್ಲದೆ ಕಾಯಿಪೂರ್ತಿ ಒಂದೇ ಬಣ್ಣಕ್ಕೆ ಹಣ್ಣಾಗಲೆಂದು ಟೊಮೆಟೊ ತಳಿಗಳನ್ನು ದಶಕಗಳ ಕಾಲ ಆರಿಸಿದರು. ಹಾಗೆ ಆರಿಸುತ್ತಾ, ಕಾಯಿಯಲ್ಲೇ ಸಕ್ಕರೆ ಕಟ್ಟಲು ನೆರವಾಗುವ ಜೀನ್ ಕೆಟ್ಟ ಗಿಡಗಳನ್ನೇ ಉಳಿಸಿಕೊಂಡಿದ್ದರು ಎಂಬುದು ಬಯಲಾದದ್ದು 2012ರಲ್ಲಿ.

● ಬ್ಯಾಡಗಿ ಮೆಣಸಿನಕಾಯಿಗಿಂತ ಹೆಚ್ಚು ತೂಗುವ, ಹೆಚ್ಚು ಖಾರದ ತಳಿಗಳು ಎಷ್ಟೋ ಇವೆ. ಆದರೂ ವ್ಯಾಪಾರಿ ಬ್ಯಾಡಗಿಯನ್ನು ಹುಡುಕಿಕೊಂಡು ಬರುವುದು ಅದರ ಕಡುಗೆಂಪು ಬಣ್ಣಕ್ಕೆ. ಇಲ್ಲಿ ತಳಿಗೆ ಅಂಕ ಕೊಡುವವರು ತಕ್ಕಡಿಯ ಜೊತೆಗೆ ಬಣ್ಣ ಅಳೆಯುವ ಯಂತ್ರವನ್ನೂ ಇಟ್ಟುಕೊಳ್ಳಬೇಕು.