ಭದ್ರೆಯ ರೀವಗಳೂ ದೋಣಿಯ ಚಿತ್ರಗಾರನೂ

ಗಂಗಾಮೂಲದಲ್ಲಿ ಹುಟ್ಟಿ, ಕಳಸದ ಸೀಮೆಯ ಕಾಫಿ ತೋಟಗಳ ನಡುವೆ ಹಾದು, ಬಾಳೆಹೊನ್ನೂರನ್ನು ದಾಟಿ ಹರಿಯುವ ಭದ್ರೆಯನ್ನು ನೀವೆಲ್ಲ ಬಲ್ಲಿರಿ. ಲಕ್ಕವಳ್ಳಿಯ ಅಣೆಕಟ್ಟಿನ ಹಿಂದೆ ಅವಳು ಕಡಲಿನಂತೆ ಹರಡಿ ನಿಂತಿದ್ದಾಳೆ. ಬೇಸಿಗೆಯಲ್ಲಿ ನೀರಿಳಿದಂತೆ, ಮುಳುಗಿದ್ದ ಗುಡ್ಡಗಳ ನೆತ್ತಿ ಮೇಲೆದ್ದು ನಡುಗಡ್ಡೆಗಳಾಗುತ್ತವೆ. ಆ ಬೋಳು ನೆಲದ ಮೇಲೆ ರೀವ ಎಂಬ ಹಕ್ಕಿಗಳು ನೂರುಗಟ್ಟಲೆ ಸೇರಿ ಮೊಟ್ಟೆಯಿಡುತ್ತವೆ. ಕರಿಯ ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲ. ಒಮ್ಮೆ ಕಂಡರೆ ಮರೆಯುವಂತಿಲ್ಲ.

ಹಕ್ಕಿಯ ಚಿತ್ರ ತೆಗೆಯುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಅದರಲ್ಲಿ ಬಹುಕಾಲ ತೊಡಗಿದ್ದರು. ಆದರೆ ನೀರಹಕ್ಕಿಗೆ ದೋಣಿಯೇ ಏಕೆ ಬೇಕು? ದಡದಲ್ಲಿ ಎದ್ದು ನಿಂತ ಮನುಷ್ಯನನ್ನು ಕಂಡರೆ ಹಕ್ಕಿ ಬೆದರುತ್ತದೆ. ತಗ್ಗಾಗಿ, ಸದ್ದಿಲ್ಲದೆ ತೇಲಿ ಬರುವುದಕ್ಕೆ ಅಷ್ಟು ಬೆದರದು. ಉತ್ತರ ಧ್ರುವದ ಸೀಮೆಯ ಇನ್ಯೂಯಿಟ್ ಜನ ಈ ಮರ್ಮವನ್ನು ಅರಿತೇ, ತೊಗಲು ಹೊದಿಸಿದ ಕಯಾಕ್ ಎಂಬ ಕಿರುದೋಣಿಯಲ್ಲಿ ಕುಳಿತು ಸೀಲ್ ಪ್ರಾಣಿಯನ್ನು ಬೇಟೆಯಾಡುತ್ತಿದ್ದರು. ಅದು ನಮ್ಮ ಹರಿಗೋಲಿನಂತೆ ಗಿರಗಿರನೆ ತಿರುಗದೆ ನೇರ ಸಾಗುತ್ತದೆ. ಈಗ ಅದೇ ಮಾದರಿಯ ದೋಣಿಯಲ್ಲಿ ಈಟಿಯ ಬದಲು ಕ್ಯಾಮೆರಾ ಹಿಡಿದವರು ಕೂರುತ್ತಾರೆ. ಕ್ಯಾಮೆರಾ ನೀರಿನ ಮಟ್ಟದಲ್ಲಿರುವುದರಿಂದ ಹಕ್ಕಿಯೊಡನೆ ಕಣ್ಣಿಗೆ ಕಣ್ಣು ಕೂಡಿದಂತೆ ಚಿತ್ರ ಬರುತ್ತದೆ.

ಭದ್ರೆಯ ಹಿನ್ನೀರು ಹುಲಿ ಮೀಸಲು ಪ್ರದೇಶಕ್ಕೆ ಹೊಂದಿಕೊಂಡಿದೆ. ಅಪ್ಪಣೆಯಿಲ್ಲದೆ ಸ್ವಂತ ದೋಣಿ ಇಳಿಸಬಾರದು. ಲಕ್ಕವಳ್ಳಿಯಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ತಂಗುದಾಣವಿದೆ. ರೀವದ ಇಂಗ್ಲಿಷ್ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅಲ್ಲಿಯ ದೋಣಿಯಲ್ಲಿ ಹೋದರಾಯಿತು. ಬೆಳಗಿನ ಎಳೆಬಿಸಿಲು ನಿಮ್ಮ ಬೆನ್ನಿಗಿರಲಿ. ತೂಗಾಡುವ ದೋಣಿಯಲ್ಲಿ ಮುಕ್ಕಾಲಿ ನಿಷ್ಪ್ರಯೋಜಕ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯಿರಿ. ಹಾರುವ ರೀವಕ್ಕೆ ಸೆಕೆಂಡಿನ 1/2000ದಷ್ಟು ವೇಗ ಬೇಕು. ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿ ಇದ್ದಾಗ ಕ್ಯಾಮೆರಾ ಬೆಳಕನ್ನು ಹೆಚ್ಚಾಗಿ ಒಳಬಿಟ್ಟು ಗರಿಗಳ ನಯವನ್ನು ಅಳಿಸಿಬಿಡುತ್ತದೆ. ಆದ್ದರಿಂದ ಬೆಳಕನ್ನು ಸ್ವಲ್ಪ ತಗ್ಗಿಸಿಕೊಳ್ಳಿ.

ಇಷ್ಟು ಕೈಚಳಕದ ಮಾತಾಯಿತು. ಇದಕ್ಕಿಂತ ದೊಡ್ಡದೊಂದಿದೆ. ನಾಯಿ ನರಿಗಳು ಸುಲಭವಾಗಿ ದಾಟಲಾರದ ನೀರು ಸುತ್ತಲೂ ಇರುವುದರಿಂದಲೇ ರೀವಕ್ಕೆ ನಡುಗಡ್ಡೆಯಲ್ಲಿ ನೆಮ್ಮದಿ. ಆ ನೀರನ್ನು ನಾವು ದೋಣಿಯಲ್ಲಿ ದಾಟುತ್ತೇವೆ. ಗೂಡೆಂದರೆ ನೆಲದಲ್ಲೊಂದು ತಗ್ಗು, ಅಷ್ಟೆ. ಅದರಲ್ಲಿ ಎರಡು ಮೂರು ಮೊಟ್ಟೆ. ಉರಿಬಿಸಿಲಿನಲ್ಲಿ ಹಕ್ಕಿ ಅವುಗಳ ಮೇಲೆ ಕೂರುವುದು ಕಾವಿಗಲ್ಲ, ನೆರಳಿಗೆ. ನಾವು ಹತ್ತಿರ ಹೋಗಿ ಅದನ್ನು ಎಬ್ಬಿಸಿದರೆ, ಕಾದ ನೆಲದ ಮೇಲೆ ಮೊಟ್ಟೆಯೊಳಗಿನ ಜೀವ ಸ್ವಲ್ಪ ಹೊತ್ತಿನಲ್ಲೇ ಬೆಂದುಹೋಗಬಹುದು. ಲೋಕದಲ್ಲಿ ಅಳಿವಿನ ಭಯಕ್ಕೆ ಸಿಕ್ಕಿದ ಹಕ್ಕಿಗಳ ಪಟ್ಟಿಯಲ್ಲಿ ರೀವವೂ ಸೇರಿದೆ ಎಂಬುದನ್ನು ನೆನಪಿಡಿ.

ರೀವಗಳು ಕೂಗುತ್ತ ಮೇಲೆದ್ದು ನಿಮ್ಮ ತಲೆಯ ಸುತ್ತ ಎರಗತೊಡಗಿದರೆ ಚಿತ್ರಕ್ಕೆ ಅದೊಂದು ಸುಯೋಗವೆಂದು ತೋರೀತು. ಅದು ಸುಯೋಗವಲ್ಲ, ದೂರು. ಕೂಡಲೆ ಹುಟ್ಟನ್ನು ಹಿಂದಕ್ಕೆ ಹಾಕಿ. ಹಕ್ಕಿ ಕೂತಲ್ಲೇ ಕೂತಿರುವ ಚಿತ್ರ ನಿಮಗೆ ಸಪ್ಪೆಯಾಗಿ ಕಂಡರೂ, ಆ ರೆಕ್ಕೆಯ ಅಡಿಯಲ್ಲಿ ನೆರಳು ಇದ್ದೇ ಇದೆ.