ನಮ್ಮ ಮನೆಯ ಫೋಟೋ ಪುಸ್ತಕಕ್ಕೆ ಹೋಗುವಾಗ



1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೂ ಹಿಂದಿನ ಮದುವೆ, ಶಾಲೆ, ಯಕ್ಷಗಾನದ ಫೋಟೋಗಳು ಇಲ್ಲಿನ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿವೆ. ಊರಿನ ಚರಿತ್ರೆ ಬರೆಯುವವರು ಅಂಥದೊಂದನ್ನು ಆರಿಸಿಕೊಂಡರೆ ಸಂತೋಷವೇ ಸರಿ. ಆದರೆ ಕೊಡುವ ಮುನ್ನ ಕೆಲವು ವಿಷಯ ತಿಳಿದಿರಲಿ.

ಫೋಟೋ ಕೈಯಲ್ಲಿದ್ದ ಮಾತ್ರಕ್ಕೆ ಅದರ ಹಕ್ಕು ನಮ್ಮದಾಗದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಅವಧಿ ತೀರದ ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದು. ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವರದು. ಅವರ ಬಳಿಕ ವಾರಸುದಾರರದು.

ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿರಲಿ. ಯಾವ ಪುಸ್ತಕ, ಮುಖಪುಟಕ್ಕೋ ಒಳಪುಟಕ್ಕೋ, ಮರುಮುದ್ರಣಕ್ಕೂ ಸಲ್ಲುತ್ತದೆಯೋ, ಯಾರ ಹೆಸರು ಅಚ್ಚಾಗಬೇಕು ಎಂಬುದನ್ನು ಕಾಣಿಸಿ. ಹಕ್ಕನ್ನೇ ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಕಾಯಿದೆ ಅದನ್ನು 5 ವರ್ಷವೆಂದು ಎಣಿಸುತ್ತದೆ.

ಮೂಲ ಫೋಟೋವನ್ನು ಮನೆಯಲ್ಲೇ ಇಟ್ಟುಕೊಂಡು, ಸ್ಕ್ಯಾನ್ ಮಾಡಿಸಿದ ಪ್ರತಿಯನ್ನು ಕೊಡಿ. ಹಿಂಬದಿಯ ಅಂಚಿನಲ್ಲಿ ಮೆದು ಪೆನ್ಸಿಲಿನಿಂದ, ಒತ್ತಿ ಬರೆಯದೆ, ಊರು, ವರ್ಷ, ನಿಂತವರ ಹೆಸರು ಬರೆದಿಡಿ. ಪೆನ್ನಿನ ಶಾಯಿ ಮುಂಬದಿಗೆ ಇಳಿದೀತು. ಮುಖ ಗುರುತಿಸಬಲ್ಲ ಅಜ್ಜ ಅಜ್ಜಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಹೆಸರಿಲ್ಲದ ಮುಖ ಪುಸ್ತಕದಲ್ಲಿ ಅಚ್ಚಾದರೂ ಮೊಮ್ಮಕ್ಕಳಿಗೆ ಅಪರಿಚಿತವಾಗಿಯೇ ಉಳಿಯುತ್ತದೆ.