ಸಹಜ ಹಂತಕ ಕೋಶಗಳು: ಹುಟ್ಟು ಮತ್ತು ವೈಶಿಷ್ಟ್ಯ

ಮಾನವ ಶರೀರವನ್ನು ರೋಗಗಳಿಂದ ಕಾಯುವ ಬಿಳಿಯ ರಕ್ತಕಣಗಳಲ್ಲಿ ಲಿಂಫೋಸೈಟುಗಳು ಒಂದು ಪ್ರಮುಖ ವರ್ಗ. ಇವುಗಳಲ್ಲಿ ‘ಟಿ’ ಮತ್ತು ‘ಬಿ’ ಎಂಬ ಎರಡು ಬಗೆಗಳು ಮೊದಲೇ ಪರಿಚಿತವಾಗಿದ್ದವು. ೧೯೭೫ರಲ್ಲಿ ಸ್ವೀಡನ್ನಿನ ರೋಲ್ಫ್ ಕೀಸ್ಲಿಂಗ್ ಮತ್ತು ಸಂಗಡಿಗರೂ, ಅಮೆರಿಕದ ರೊನಾಲ್ಡ್ ಹರ್ಬರ್ಮನ್ ಮತ್ತು ಸಂಗಡಿಗರೂ ಇಲಿಗಳಲ್ಲಿ ಇನ್ನೊಂದು ಬಗೆಯನ್ನು ಬೇರೆಬೇರೆಯಾಗಿ ವರ್ಣಿಸಿದರು. ಪೂರ್ವಪರಿಚಯವಿಲ್ಲದೆಯೇ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಇವುಗಳಿಗೆ ‘ಸಹಜ ಹಂತಕ ಕೋಶ’ಗಳೆಂದು ಹೆಸರಾಯಿತು.

ಮೂರೂ ಬಗೆಗಳು ಒಂದೇ ಮನೆತನದವು. ಮೂಳೆಯ ಮಜ್ಜೆಯಲ್ಲಿರುವ ಮೂಲಕೋಶಗಳೇ ಇವುಗಳ ಜನ್ಮಸ್ಥಾನ. ಆದರೆ ಬೆಳೆಯುವ ದಾರಿ ಬೇರೆ. ಟಿ ಕೋಶಗಳು ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಗೆ ಸಾಗಿ ಅಲ್ಲಿ ಪಕ್ವವಾಗುತ್ತವೆ. ಹಂತಕ ಕೋಶಗಳಿಗೆ ಥೈಮಸ್ಸಿನ ಅಗತ್ಯವಿಲ್ಲ. ಅವು ಮಜ್ಜೆಯಲ್ಲಿಯೂ ಟಾನ್ಸಿಲ್ ಮುಂತಾದ ಅಂಗಗಳಲ್ಲಿಯೂ ಬೆಳೆಯುತ್ತವೆ. ಈ ಬೆಳವಣಿಗೆಗೆ ‘ಇಂಟರ್‌ಲ್ಯೂಕಿನ್-೧೫’ ಎಂಬ ಪ್ರೋಟೀನು ಅತ್ಯಾವಶ್ಯಕ. ರಕ್ತದ ಲಿಂಫೋಸೈಟುಗಳಲ್ಲಿ ಇವುಗಳ ಪಾಲು ಶೇಕಡ ೫ರಿಂದ ೧೫ರಷ್ಟು. ಇವುಗಳ ಸಮೀಪದ ಜ್ಞಾತಿಯಾದ ಇನ್ನೊಂದು ಬಗೆಯ ಕೋಶಗಳು ಅಂಗಾಂಶಗಳಲ್ಲಿಯೇ ನೆಲೆಸಿದರೆ, ಇವು ರಕ್ತದಲ್ಲಿ ಸಂಚರಿಸುತ್ತವೆ.

ಟಿ ಮತ್ತು ಬಿ ಕೋಶಗಳು ತಮ್ಮ ಕೆಲವು ಜೀನುಗಳ ತುಣುಕುಗಳನ್ನು ಹೊಸದಾಗಿ ಜೋಡಿಸಿಕೊಂಡು, ಒಂದೊಂದು ಕೋಶವೂ ಒಂದೊಂದು ಗುರುತನ್ನು ಹಿಡಿಯುವಂತೆ ರೂಪುಗೊಳ್ಳುತ್ತವೆ. ಆದುದರಿಂದ ಹೊಸ ಶತ್ರು ಬಂದಾಗ ತಕ್ಕ ಕೋಶಗಳು ಸಂಖ್ಯೆಯಲ್ಲಿ ವೃದ್ಧಿಸಲು ಹಲವು ದಿನಗಳು ಬೇಕು. ಹಂತಕ ಕೋಶಗಳಲ್ಲಿ ಇಂಥ ಮರುಜೋಡಣೆಯಿಲ್ಲ. ಹಾಗಾದರೆ ಅವು ತನ್ನವರನ್ನೂ ಶತ್ರುವನ್ನೂ ಪ್ರತ್ಯೇಕಿಸುವುದೆಂತು?

ಆರೋಗ್ಯವಂತ ಕೋಶಗಳು ತಮ್ಮ ಮೈಮೇಲೆ ಗುರುತಿನ ಚೀಟಿಯಂಥ ಪ್ರೋಟೀನುಗಳನ್ನು ಧರಿಸಿರುತ್ತವೆ. ಮಾರಕ ಟಿ ಕೋಶವು ಆ ಚೀಟಿಯಲ್ಲಿ ಅನ್ಯವಸ್ತುವಿನ ಸುಳಿವನ್ನು ಅರಸುತ್ತದೆ. ಅದರ ಕಣ್ಣು ತಪ್ಪಿಸಲು ಕೆಲವು ವೈರಸ್ಸುಗಳೂ ಕ್ಯಾನ್ಸರ್ ಕೋಶಗಳೂ ಚೀಟಿಯನ್ನೇ ಮರೆಮಾಡುತ್ತವೆ. ಹಂತಕ ಕೋಶವನ್ನು ತಡೆದು ನಿಲ್ಲಿಸುವುದು ಆ ಚೀಟಿಯೇ. ಅದು ಕಾಣದಿದ್ದಾಗ, ಪ್ರಚೋದಕ ಸಂಕೇತಗಳೂ ಕೂಡಿಬಂದರೆ, ಕೋಶವು ಎರಗುತ್ತದೆ. ಈ ತತ್ತ್ವವನ್ನು ಕ್ಲಾಸ್ ಶೆರೆ ಮತ್ತು ಸಂಗಡಿಗರು ೧೯೮೬ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಸಮರ್ಥಿಸಿದರು. ಸ್ವಂತ ಶರೀರದ ಚೀಟಿಯನ್ನು ಗುರುತಿಸಬಲ್ಲ ಕೋಶಗಳು ಬೆಳವಣಿಗೆಯಲ್ಲಿ ಪೂರ್ಣ ಬಲವನ್ನು ಪಡೆಯುತ್ತವೆ. ಗುರುತಿಸಲಾರದವು ಮಂದವಾಗಿಯೇ ಉಳಿಯುತ್ತವೆ. ಕೊಲ್ಲುವ ಶಕ್ತಿಯೂ ತಡೆಯುವ ವಿವೇಕವೂ ಒಟ್ಟಿಗೇ ಬೆಳೆಯುವ ಈ ವ್ಯವಸ್ಥೆ ನಿಜಕ್ಕೂ ಗಮನಾರ್ಹ. ಆಯುಧಗಳು ಮಾತ್ರ ಮಾರಕ ಟಿ ಕೋಶದವೇ: ಪರ್ಫೋರಿನ್ ವೈರಿಕೋಶದ ಪೊರೆಯಲ್ಲಿ ರಂಧ್ರ ಮಾಡುತ್ತದೆ, ಗ್ರಾನ್‌ಜೈಮ್ ಒಳಹೊಕ್ಕು ಕೋಶವನ್ನು ಸಾವಿಗೆ ದೂಡುತ್ತದೆ.

ಈ ಕೋಶಗಳಿಲ್ಲದಿದ್ದರೆ ಆಗುವ ಅನಾಹುತವನ್ನು ೧೯೮೯ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ವರದಿ ತಿಳಿಸಿತು. ಹಂತಕ ಕೋಶಗಳೇ ಇಲ್ಲದ ಹರೆಯದ ಹುಡುಗಿಯೊಬ್ಬಳನ್ನು ಸೀತಾಳೆ ಸಿಡುಬಿನ ವೈರಸ್ಸೂ ಅದರ ವರ್ಗದ ಇತರ ವೈರಸ್ಸುಗಳೂ ತೀವ್ರವಾಗಿ ಕಾಡಿದ್ದವು. ಇನ್ನೊಂದೆಡೆ ಆಶೆಯ ಬೆಳಕೂ ಉಂಟು. ಅಮೆರಿಕದ ಹ್ಯೂಸ್ಟನ್ನಿನ ವೈದ್ಯರು ಹೊಕ್ಕುಳಬಳ್ಳಿಯ ರಕ್ತದಿಂದ ಪಡೆದ ಹಂತಕ ಕೋಶಗಳನ್ನು ಮಾರ್ಪಡಿಸಿ, ಬಿ ಕೋಶಗಳ ಕ್ಯಾನ್ಸರಿನಿಂದ ಬಳಲುತ್ತಿದ್ದ ೧೧ ರೋಗಿಗಳಿಗೆ ನೀಡಿದರು. ೮ ಮಂದಿಯಲ್ಲಿ ಗುಣ ಕಂಡಿತೆಂದು ೨೦೨೦ರಲ್ಲಿ ಪ್ರಕಟವಾಯಿತು. ಸಣ್ಣ ಸಂಖ್ಯೆಯ ಈ ಪ್ರಯೋಗವು ದೊಡ್ಡ ಪರೀಕ್ಷೆಗಳಿಗೆ ದಾರಿ ತೋರಿಸಿದೆ.